ಪರದೆಯ ಮಾತು ಕೋಡ್‌ನಿಂದ ಬೇರೆಯಾದ ಬಗೆ

ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಮೆನು, ಗುಂಡಿಗಳ ಮೇಲಿನ ಬರಹ, ಏನಾದರೂ ತಪ್ಪಾದಾಗ ಮೂಡುವ ಎಚ್ಚರಿಕೆ ಇವೆಲ್ಲ ಪ್ರೋಗ್ರಾಂನ ಒಳಗೇ ಬರೆದಿಟ್ಟ ವಾಕ್ಯಗಳಾಗಿರಬೇಕೆಂದಿಲ್ಲ. ಅವನ್ನು ಬೇರೊಂದು ಕಡತದಲ್ಲಿ ಇರಿಸಬಹುದು. ಪ್ರೋಗ್ರಾಂ ಶುರುವಾಗುವಾಗ ಬಳಸುವವರ ಭಾಷೆ ಯಾವುದೆಂದು ನೋಡಿ, ಆ ಭಾಷೆಯ ಕಡತವನ್ನು ತೆರೆದು, ಬೇಕಾದ ಮಾತನ್ನು ಅದರಿಂದ ಎತ್ತಿಕೊಂಡು ತೋರಿಸುತ್ತದೆ. ತಂತ್ರಾಂಶದ ಸ್ಥಳೀಕರಣ ಎಂಬ ಇಡೀ ಕಸುಬು ನಿಂತಿರುವುದು ಈ ಏರ್ಪಾಡಿನ ಮೇಲೆ. 1980ರ ದಶಕದಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆ ರೂಪದಲ್ಲಿ ಹುಟ್ಟಿ 1990ರ ದಶಕದ ನಡುವೆ ನೆಲೆಗೊಂಡ ಇದು ಕೋಡ್ ಬರೆಯುವವರ ಹೊರೆಯನ್ನು ಇಳಿಸಿತು ನಿಜ. ಆದರೆ ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಅದಲ್ಲ. ಕೋಡ್ ಬಾರದ, ಭಾಷೆ ಚೆನ್ನಾಗಿ ಬಲ್ಲ ಜನ ತಂತ್ರಾಂಶಕ್ಕೆ ಕೈಹಾಕಲು ಸಾಧ್ಯವಾದದ್ದು ಇದರಿಂದ. ಕನ್ನಡ, ತುಳುವಿನಂಥ ಭಾಷೆಗಳು ಪರದೆಗೆ ಬಂದ ದಾರಿಯೂ ಇದೇ.

ಅದಕ್ಕೂ ಮುಂಚೆ ಮಾತು ಮತ್ತು ಕೋಡ್ ಒಂದರೊಳಗೊಂದು ಬೆರೆತಿದ್ದವು. 'ಕಡತ ಸಿಗಲಿಲ್ಲ' ಎಂಬ ಸಂದೇಶ ಎಲ್ಲಿ ಮುದ್ರಣವಾಗಬೇಕೋ ಆ ಸಾಲಿನಲ್ಲೇ ಅದರ ಇಂಗ್ಲಿಷ್ ವಾಕ್ಯ ಉದ್ಧರಣ ಚಿಹ್ನೆಗಳ ನಡುವೆ ಕೂತಿರುತ್ತಿತ್ತು. ಅಂಥ ಪ್ರೋಗ್ರಾಂ ಜರ್ಮನ್‌ನಲ್ಲಿ ಬೇಕೆಂದರೆ ಮೂಲ ಕೋಡ್‌ನ ಒಂದು ಪ್ರತಿ ಮಾಡಿಕೊಂಡು, ಸಾಲು ಸಾಲಾಗಿ ಹುಡುಕಿ, ವಾಕ್ಯಗಳನ್ನು ಬದಲಿಸಿ, ಮತ್ತೆ ಕಂಪೈಲ್ ಮಾಡಬೇಕು. ಫ್ರೆಂಚ್‌ಗೆ ಇನ್ನೊಂದು ಪ್ರತಿ. ಮೂಲದಲ್ಲಿ ಒಂದು ದೋಷ ತಿದ್ದಿದರೆ ಎಲ್ಲ ಪ್ರತಿಗಳಲ್ಲೂ ತಿದ್ದಬೇಕು. ಒಂದರಲ್ಲಿ ಮರೆತರೆ ಆ ಭಾಷೆಯವರಿಗೆ ಮಾತ್ರ ಹಳೆಯ ದೋಷ ಉಳಿಯುತ್ತದೆ. ಮೂಲ ಕೋಡ್ ಕಂಪನಿಯ ಸ್ವತ್ತಾದ್ದರಿಂದ ಹೊರಗಿನವರು ಅನುವಾದಿಸುವ ಮಾತೇ ಇರಲಿಲ್ಲ. ಒಳಗಿನ ಅನುವಾದಕರಿಗೂ ಕೋಡ್‌ನ ಒಂದು ಅಲ್ಪವಿರಾಮ ಆಚೀಚೆಯಾದರೆ ಇಡೀ ಪ್ರೋಗ್ರಾಂ ಕೆಡುವ ಭಯ.

ಈ ಗಂಟನ್ನು ಮೊದಲು ವ್ಯವಸ್ಥಿತವಾಗಿ ಬಿಚ್ಚಿದ ಜನಪ್ರಿಯ ಯಂತ್ರ 1984ರ ಮೆಕಿಂಟಾಶ್. ಆಪಲ್ ಕಂಪನಿಯ ಬ್ರೂಸ್ ಹಾರ್ನ್ ರೂಪಿಸಿದ 'ರಿಸೋರ್ಸ್ ಮ್ಯಾನೇಜರ್' ಪ್ರತಿ ಕಡತಕ್ಕೂ ಎರಡು ಕವಲುಗಳನ್ನು ಕೊಟ್ಟಿತು. ಒಂದರಲ್ಲಿ ಸಾಮಾನ್ಯ ಮಾಹಿತಿ, ಇನ್ನೊಂದರಲ್ಲಿ ಮೆನು, ಸಂವಾದ ಪೆಟ್ಟಿಗೆ, ಚಿತ್ರ, ವಾಕ್ಯಪಟ್ಟಿಗಳಂಥ ಸಂಪನ್ಮೂಲಗಳು. ಪ್ರತಿ ಸಂಪನ್ಮೂಲಕ್ಕೂ ನಾಲ್ಕಕ್ಷರದ ಒಂದು ಬಗೆಯ ಹೆಸರು, ಜೊತೆಗೆ ಒಂದು ಸಂಖ್ಯೆ. ಪ್ರೋಗ್ರಾಂ 'ಇಂಥ ಬಗೆಯ ಇಷ್ಟನೇ ಸಂಖ್ಯೆಯದು ಕೊಡು' ಎಂದು ಕೇಳುತ್ತಿತ್ತೇ ಹೊರತು ಅದರಲ್ಲಿ ಏನು ಬರೆದಿದೆ ಎಂದು ತಿಳಿಯಬೇಕಾಗಿರಲಿಲ್ಲ. ಮುಂದೆ ಬಂದ 'ರೆಸ್‌ಎಡಿಟ್' ಎಂಬ ಉಪಕರಣದಿಂದ ಯಾರು ಬೇಕಾದರೂ ಮೆನುವಿನ ಪದಗಳನ್ನು ತಿದ್ದಿ ಉಳಿಸಬಹುದಿತ್ತು. ಮತ್ತೆ ಕಂಪೈಲ್ ಮಾಡುವ ಅಗತ್ಯವಿರಲಿಲ್ಲ. ಬೇರೆ ಭಾಷೆಗಳಿಗೆ ಒಯ್ಯುವುದು ಸುಲಭವಾಗಲಿ ಎಂಬುದು ಈ ವಿನ್ಯಾಸದ ಉದ್ದೇಶಗಳಲ್ಲೇ ಒಂದಾಗಿತ್ತು.

1985ರ ನವೆಂಬರ್‌ನಲ್ಲಿ ಹೊರಬಂದ ಮೈಕ್ರೋಸಾಫ್ಟ್ ವಿಂಡೋಸ್ ಕೂಡ ಸಂಪನ್ಮೂಲಗಳ ದಾರಿಯನ್ನೇ ಹಿಡಿಯಿತು. ಅಲ್ಲಿ ವಾಕ್ಯಗಳನ್ನು ಬೇರೆ ಕಡತದಲ್ಲಿ ಬರೆದರೂ ಕೊನೆಗೆ ಅವನ್ನು ಪ್ರೋಗ್ರಾಂನ ಜೊತೆಗೇ ಬೆಸೆಯಲಾಗುತ್ತಿತ್ತು. ಹಾಗಾಗಿ ಬಹುಕಾಲ ಪ್ರತಿ ಭಾಷೆಗೂ ವಿಂಡೋಸ್‌ನ ಬೇರೆ ಬೇರೆ ಆವೃತ್ತಿ ಮಾರಾಟವಾಗುತ್ತಿತ್ತು. ಒಂದೇ ವಿಂಡೋಸ್‌ಗೆ ಹಲವು ಭಾಷೆಗಳ ಸಂಪನ್ಮೂಲ ಕಡತಗಳನ್ನು ಜೋಡಿಸಿ, ಬಳಸುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವ ಏರ್ಪಾಡು ವಿಂಡೋಸ್ 2000ದ ಬಹುಭಾಷಾ ಆವೃತ್ತಿಯಲ್ಲಿ ಬಂತು.

ಯುನಿಕ್ಸ್ ಜಗತ್ತಿನ ಕಥೆ ಬೇರೆ, ಹೆಚ್ಚು ಸ್ವಾರಸ್ಯದ್ದು ಕೂಡ. ಬುಲ್, ಐಸಿಎಲ್, ಸೀಮೆನ್ಸ್, ಒಲಿವೆಟ್ಟಿ, ನಿಕ್ಸ್‌ಡಾರ್ಫ್ ಎಂಬ ಐದು ಯುರೋಪಿನ ಕಂಪನಿಗಳು 1984ರಲ್ಲಿ ಸೇರಿ ಕಟ್ಟಿದ ಕೂಟ ಮುಂದೆ ಎಕ್ಸ್‌/ಓಪನ್ ಎಂದು ಹೆಸರಾಯಿತು. ಫ್ರಾನ್ಸ್, ಬ್ರಿಟನ್, ಜರ್ಮನಿ, ಇಟಲಿಗಳ ಈ ಕಂಪನಿಗಳಿಗೆ ಒಂದೇ ಭಾಷೆಯ ಯಂತ್ರ ಮಾರಿ ಬದುಕುವ ಸೌಕರ್ಯ ಇರಲಿಲ್ಲ. ಪಕ್ಕದ ದೇಶಕ್ಕೆ ಹೋದರೂ ಭಾಷೆ ಬದಲು. ಆ ಕೂಟ ಹೊರತಂದ ಮಾರ್ಗದರ್ಶಿಯಲ್ಲಿ 'ಕ್ಯಾಟ್‌ಗೆಟ್ಸ್' ಎಂಬ ಸಂದೇಶ ಪಟ್ಟಿಯ ಕ್ರಮ ಸೇರಿತು. ಅನುವಾದಕರು ಒಂದು ಸಾದಾ ಕಡತದಲ್ಲಿ ಸಂದೇಶಗಳನ್ನು ಗುಂಪು ಗುಂಪಾಗಿ, ಸಂಖ್ಯೆ ಹಾಕಿ ಬರೆಯುತ್ತಾರೆ. 'ಜೆನ್‌ಕ್ಯಾಟ್' ಎಂಬ ಉಪಕರಣ ಅದನ್ನು ಯಂತ್ರ ಬೇಗ ಓದಬಲ್ಲ ರೂಪಕ್ಕೆ ತಿರುಗಿಸುತ್ತದೆ. ಪ್ರೋಗ್ರಾಂ ಪಟ್ಟಿಯನ್ನು ತೆರೆದು, 'ಎರಡನೇ ಗುಂಪಿನ ಹದಿನೇಳನೇ ಸಂದೇಶ' ಎಂದು ಕೇಳುತ್ತದೆ. ಪಟ್ಟಿ ಸಿಗದಿದ್ದರೆ ತೋರಿಸಲು ಕೋಡ್‌ನಲ್ಲೇ ಒಂದು ಇಂಗ್ಲಿಷ್ ವಾಕ್ಯವನ್ನೂ ಬರೆದಿಟ್ಟಿರುತ್ತಾರೆ.

ಕಾಗದದ ಮೇಲೆ ಅಚ್ಚುಕಟ್ಟಾಗಿ ಕಾಣುವ ಈ ಕ್ರಮ ಬಳಕೆಯಲ್ಲಿ ನರಳಿಸಿತು. ಸಂಖ್ಯೆಗಳ ಲೆಕ್ಕ ಇಡುವುದು ಪ್ರೋಗ್ರಾಮರ್‌ನ ಪಾಲಿಗೆ ಬಂದ ಜಡ ಕೆಲಸ. ಹೊಸ ಸಂದೇಶವೊಂದನ್ನು ಸೇರಿಸುವಾಗ ಯಾವ ಸಂಖ್ಯೆ ಖಾಲಿ ಇದೆ ಎಂದು ನೋಡಬೇಕು. ಹಳೆಯ ಸಂದೇಶ ತೆಗೆದು ಅದೇ ಸಂಖ್ಯೆಗೆ ಹೊಸದನ್ನು ಕೊಟ್ಟರೆ, ಇನ್ನೂ ಹಳೆಯ ಪಟ್ಟಿಯನ್ನೇ ಇಟ್ಟುಕೊಂಡ ಭಾಷೆಯವರಿಗೆ ಸಂಬಂಧವೇ ಇಲ್ಲದ ವಾಕ್ಯ ಕಾಣಿಸುತ್ತದೆ. 'ಡಿಸ್ಕ್ ತುಂಬಿದೆ' ಎನ್ನಬೇಕಾದ ಕಡೆ 'ಕೆಲಸ ಮುಗಿಯಿತು' ಎಂದು ಬಂದರೆ ಅನುವಾದ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು.

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಇದಕ್ಕೆ ಬದಲಿಯಾಗಿ ಮುಂದಿಟ್ಟ ಉಪಾಯದಲ್ಲಿ ಸಂಖ್ಯೆಗಳೇ ಇರಲಿಲ್ಲ. ಇಂಗ್ಲಿಷ್ ವಾಕ್ಯವೇ ಗುರುತು. ಕೋಡ್‌ನಲ್ಲಿರುವ ವಾಕ್ಯವನ್ನು 'ಗೆಟ್‌ಟೆಕ್ಸ್ಟ್' ಎಂಬ ಫಂಕ್ಷನ್‌ಗೆ ಕೊಟ್ಟರೆ ಅದು ಆ ವಾಕ್ಯವನ್ನೇ ಹಿಡಿದು ಪಟ್ಟಿಯಲ್ಲಿ ಹುಡುಕುತ್ತದೆ. ಅನುವಾದ ಸಿಕ್ಕರೆ ಅದನ್ನು, ಸಿಗದಿದ್ದರೆ ಕೊಟ್ಟ ವಾಕ್ಯವನ್ನೇ ಮರಳಿಸುತ್ತದೆ. ಪ್ರೋಗ್ರಾಮರ್ ಹೊಸದಾಗಿ ಕಲಿಯಬೇಕಾದ್ದು ಬಹಳ ಕಡಿಮೆ, ಕೋಡ್ ಓದುವವರಿಗೂ ಅರ್ಥವಾಗುವ ವಾಕ್ಯ ಕಣ್ಣೆದುರೇ ಇರುತ್ತದೆ. ಯುನಿಫೋರಂ ಎಂಬ ಗುಂಪಿನ ಮೂಲಕ ಇದನ್ನು ಮಾನಕವಾಗಿಸಲು ಸನ್ ಯತ್ನಿಸಿತಾದರೂ ಆಗ ಅದು ಕೈಗೂಡಲಿಲ್ಲ. ಕಾಗದದಲ್ಲಿ ಮಾನಕವಾಗಿ ಉಳಿದದ್ದು ಕ್ಯಾಟ್‌ಗೆಟ್ಸ್, ಸನ್ ಕಂಪನಿಯದೇ ಆದ ಸೊಲಾರಿಸ್ ಯಂತ್ರಗಳಲ್ಲಿ ಓಡುತ್ತಿದ್ದದ್ದು ಗೆಟ್‌ಟೆಕ್ಸ್ಟ್. 1989ರ ಸಿ ಭಾಷೆಯ ಮಾನಕ ದಿನಾಂಕ, ಹಣ, ಅಕಾರಾದಿ ಕ್ರಮಗಳಿಗೆಲ್ಲ ಸ್ಥಳೀಯ ರೂಪ ಕೊಡುವ ಅವಕಾಶ ಕಲ್ಪಿಸಿತ್ತು, ಸಂದೇಶಗಳ ಅನುವಾದದ ಬಗ್ಗೆ ಮಾತ್ರ ಸುಮ್ಮನಿತ್ತು.

ನಿರ್ಣಾಯಕ ತಿರುವು ಬಂದದ್ದು ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಯಿಂದ. 1994ರ ಜುಲೈನಲ್ಲಿ ಪ್ಯಾಟ್ರಿಕ್ ಡಿಕ್ರೂಸ್ ಎಂಬವರು ಗ್ನೂ ಯೋಜನೆಯ ಫೈಲ್‌ಯುಟಿಲ್ಸ್‌ಗೆ, ಅಂದರೆ ಕಡತಗಳನ್ನು ನಕಲಿಸುವ, ಸರಿಸುವ, ಅಳಿಸುವ ಉಪಕರಣಗಳ ಕಟ್ಟಿಗೆ, ಬಹುಭಾಷೆಯ ಸೌಲಭ್ಯ ಸೇರಿಸಿ ನೋಡಿದರು. ಅದರ ಹೊಣೆ ಹೊತ್ತಿದ್ದ ಜಿಮ್ ಮೇಯರಿಂಗ್ ಅವರಿಗೆ ಆ ಕರಡು ಹಿಡಿಸಲಿಲ್ಲ; 'ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ' ಎಂಬ ಷರತ್ತಿನ ಸಾಲುಗಳೇ ಅದರಲ್ಲಿ ತುಂಬಿದ್ದವು. ಇನ್ನೂ ಚೊಕ್ಕ ದಾರಿ ಇರಬೇಕೆಂದು ಅವರು ಗ್ನೂ ಯೋಜನೆಯ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್‌ರನ್ನು ಕೇಳಿದರು. ಸ್ಟಾಲ್‌ಮನ್ ಬಾಯಿಮಾತಿನಲ್ಲೇ ಒಂದು ನಕ್ಷೆ ವಿವರಿಸಿದರು. ಅದರಿಂದ 'ಜಿಲೊಕೇಲ್' ಎಂಬ ಕಟ್ಟು ಹುಟ್ಟಿತು. ಅದಕ್ಕೆ ಎಲ್ಲ ದಿಕ್ಕುಗಳಿಂದ ಸಲಹೆ, ಆಕ್ಷೇಪ ಬಂದು, ಒಂದೆರಡು ಪ್ರಾಯೋಗಿಕ ಆವೃತ್ತಿಗಳ ನಂತರ ಅದು ನಿಂತುಹೋಯಿತು. ಸೊಲಾರಿಸ್‌ನ ಬೆಳವಣಿಗೆಗಳನ್ನು ಗಮನಿಸುತ್ತಿದ್ದ ಪಾಲ್ ಎಗರ್ಟ್, ಕ್ಯಾಟ್‌ಗೆಟ್ಸ್‌ನ ದಾರಿ ಬಿಟ್ಟು ಗೆಟ್‌ಟೆಕ್ಸ್ಟ್‌ನ ದಾರಿ ಹಿಡಿಯಬೇಕೆಂದು ವಾದಿಸಿದರು. ಮುಂದೆ ಜರ್ಮನಿಯ ಉಲ್ರಿಚ್ ಡ್ರೆಪರ್ ಎಲ್ಲವನ್ನೂ ಮೊದಲಿನಿಂದ ಹೊಸದಾಗಿ ಬರೆದರು. 1995ರ ಮೇ ಹೊತ್ತಿಗೆ ಸ್ಟಾಲ್‌ಮನ್ ಒಪ್ಪಿಗೆ ಸಿಕ್ಕಿ ಅದು ಗ್ನೂ ಗೆಟ್‌ಟೆಕ್ಸ್ಟ್ ಆಯಿತು. ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ, ಹಲವು ಊರುಗಳಲ್ಲಿದ್ದ ಜನ ಪತ್ರ ವ್ಯವಹಾರದಲ್ಲೇ ವಾದಿಸಿ ಕಟ್ಟಿದ ಈ ಉಪಕರಣ ಇವತ್ತಿಗೂ ಲಿನಕ್ಸ್ ಜಗತ್ತಿನ ಬಹುಪಾಲು ಅನುವಾದವನ್ನು ಹೊತ್ತಿದೆ.

ಅದರ ಕೆಲಸದ ಕ್ರಮ ಹೀಗೆ. ಪ್ರೋಗ್ರಾಮರ್ ಅನುವಾದವಾಗಬೇಕಾದ ಪ್ರತಿ ವಾಕ್ಯವನ್ನೂ ಒಂದು ಅಡಿಗೆರೆ ಮತ್ತು ಆವರಣದೊಳಗೆ ಇಡುತ್ತಾರೆ. ಒಂದೇ ಒಂದು ಅಕ್ಷರದ ಈ ಗುರುತನ್ನು ಆರಿಸಿದ್ದು ಕೋಡ್‌ನ ಸಾಲುಗಳು ಉದ್ದವಾಗದಿರಲೆಂದು. ಪ್ರೋಗ್ರಾಮರ್‌ಗಳು ಗೊಣಗದೆ ಒಪ್ಪಿಕೊಂಡದ್ದರಲ್ಲಿ ಈ ಸಣ್ಣ ಜಾಣ್ಮೆಯ ಪಾಲೂ ಇದೆ. 'ಎಕ್ಸ್‌ಗೆಟ್‌ಟೆಕ್ಸ್ಟ್' ಎಂಬ ಉಪಕರಣ ಕೋಡ್ ಜಾಲಾಡಿ ಹೀಗೆ ಗುರುತಾದ ವಾಕ್ಯಗಳನ್ನೆಲ್ಲ ಒಂದು ಮಾದರಿ ಕಡತಕ್ಕೆ ಸುರಿಯುತ್ತದೆ. ಪ್ರತಿ ಭಾಷೆಯವರೂ ಆ ಮಾದರಿಯಿಂದ ತಮ್ಮ 'ಪಿಒ' ಕಡತ ಮಾಡಿಕೊಳ್ಳುತ್ತಾರೆ. ಅದರಲ್ಲಿ ಇಂಗ್ಲಿಷ್ ವಾಕ್ಯ ಒಂದು ಸಾಲು, ಅದರ ಕೆಳಗೆ ಅನುವಾದಕ್ಕೆ ಒಂದು ಸಾಲು, ಮೇಲೆ ಆ ವಾಕ್ಯ ಯಾವ ಕಡತದ ಎಷ್ಟನೇ ಸಾಲಿನಲ್ಲಿದೆ ಎಂಬ ಟಿಪ್ಪಣಿ. ಇಷ್ಟೇ. ಯಾವ ಪಠ್ಯ ಸಂಪಾದಕದಲ್ಲಿ ಬೇಕಾದರೂ ತೆರೆದು, ನೋಡಿದ ತಕ್ಷಣ ಅರ್ಥಮಾಡಿಕೊಂಡು ಕೆಲಸಕ್ಕೆ ಕೂರಬಹುದು. ಅನುವಾದ ಮುಗಿದ ಮೇಲೆ ಅದನ್ನು 'ಎಂಒ' ಎಂಬ ಯಂತ್ರರೂಪಕ್ಕೆ ತಿರುಗಿಸುತ್ತಾರೆ. ಎಂಒ ಕಡತದಲ್ಲಿ ಮೂಲ ವಾಕ್ಯಗಳು ಅಕಾರಾದಿಯಾಗಿ ಜೋಡಿಸಿರುವುದರಿಂದ ಪಟ್ಟಿಯನ್ನು ಅರ್ಧಕ್ಕರ್ಧ ಕತ್ತರಿಸುತ್ತ ಹೋಗಿ ಬೇಕಾದ್ದನ್ನು ಕೆಲವೇ ಹೆಜ್ಜೆಗಳಲ್ಲಿ ಹಿಡಿಯಬಹುದು. ಯಂತ್ರದಲ್ಲಿ 'ಲೊಕೇಲ್' ಎಂಬ ಫೋಲ್ಡರಿನೊಳಗೆ ಭಾಷೆಗೊಂದು ಉಪಫೋಲ್ಡರು. ಕನ್ನಡದ್ದಕ್ಕೆ 'ಕೆಎನ್' ಎಂಬ ಎರಡಕ್ಷರದ ಹೆಸರು. ಬಳಸುವವರು ತಮ್ಮ ಭಾಷೆ ಭಾರತದ ಕನ್ನಡ ಎಂದು ಸೂಚಿಸಿದ್ದರೆ ಗೆಟ್‌ಟೆಕ್ಸ್ಟ್ ಮೊದಲು ಆ ಹೆಸರಿನ ಫೋಲ್ಡರು ಹುಡುಕುತ್ತದೆ, ಇಲ್ಲದಿದ್ದರೆ ಬರೀ ಕನ್ನಡದ್ದನ್ನು, ಅದೂ ಇಲ್ಲದಿದ್ದರೆ ಮೂಲ ಇಂಗ್ಲಿಷನ್ನೇ ತೋರಿಸುತ್ತದೆ.

ಅರ್ಧ ಅನುವಾದವಾದ ಪ್ರೋಗ್ರಾಂ ಕೂಡ ಕೆಲಸ ಮಾಡುತ್ತದೆ ಎಂಬ ಈ ಗುಣದ ಬೆಲೆ ದೊಡ್ಡದು. ಕಂಪನಿಯೊಂದು ಹಣ ಕೊಟ್ಟು ಮಾಡಿಸುವ ಅನುವಾದ ಪೂರ್ತಿಯಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಸ್ವಯಂಸೇವಕರ ಅನುವಾದ ಬರುವುದು ಸಂಜೆ ಒಂದು ಗಂಟೆ, ಭಾನುವಾರ ಎರಡು ಗಂಟೆ ಎಂಬಂತೆ. ಇವತ್ತು ಇಪ್ಪತ್ತು ವಾಕ್ಯ ಕನ್ನಡವಾದರೆ ಅಷ್ಟು ಕನ್ನಡ ಪರದೆಯಲ್ಲಿ ಕಾಣಲಿ, ಉಳಿದದ್ದು ನಾಳೆ ಎನ್ನುವ ಅವಕಾಶ ಇಲ್ಲದಿದ್ದರೆ ಸಣ್ಣ ಭಾಷೆಗಳ ಕೆಲಸ ಶುರುವೇ ಆಗುತ್ತಿರಲಿಲ್ಲ.

ಇಂಗ್ಲಿಷ್ ವಾಕ್ಯವೇ ಗುರುತಾದ್ದರಿಂದ ಬಂದ ತೊಂದರೆಯೂ ಇದೆ. ಮೂಲದಲ್ಲಿ ಒಂದು ಕಾಗುಣಿತ ತಿದ್ದಿದರೂ ಗುರುತು ಬದಲಾಗಿ ಎಲ್ಲ ಭಾಷೆಗಳ ಅನುವಾದವೂ ಕಳಚಿಕೊಳ್ಳುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ಚೆನ್ನಾಗಿದೆ. ಹೊಸ ಮಾದರಿಯನ್ನು ಹಳೆಯ ಅನುವಾದದ ಜೊತೆ ಬೆರೆಸುವ ಉಪಕರಣ, ಹೆಚ್ಚುಕಡಿಮೆ ಹೋಲುವ ವಾಕ್ಯ ಕಂಡರೆ ಹಳೆಯ ಅನುವಾದವನ್ನೇ ತಂದಿಟ್ಟು, 'ಫಜಿ', ಅಂದರೆ ಖಚಿತವಲ್ಲ, ಎಂದು ಗುರುತು ಹಾಕುತ್ತದೆ. ಅನುವಾದಕರು ನೋಡಿ ಆ ಗುರುತು ತೆಗೆಯುವ ತನಕ ಅದು ಪರದೆಗೆ ಹೋಗುವುದಿಲ್ಲ. ತಪ್ಪು ಅನುವಾದಕ್ಕಿಂತ ಇಂಗ್ಲಿಷೇ ವಾಸಿ ಎಂಬ ಈ ತೀರ್ಮಾನದಲ್ಲಿ ಓದುಗರ ಬಗೆಗಿನ ಗೌರವವಿದೆ.

ಉಪಕರಣದ ಜೊತೆಜೊತೆಗೇ ಫ್ರಾಂಸ್ವಾ ಪಿನಾರ್ 'ಟ್ರಾನ್ಸ್‌ಲೇಶನ್ ಪ್ರಾಜೆಕ್ಟ್' ಎಂಬ ಅನುವಾದಕರ ಸಂಘಟನೆಯನ್ನು ಕಟ್ಟಿದರು. ಭಾಷೆಗೊಂದು ತಂಡ, ತಂಡಕ್ಕೊಬ್ಬ ಮುಖ್ಯಸ್ಥ, ಕಡತಗಳನ್ನು ಪರೀಕ್ಷಿಸಿ ಹಂಚಲು ಒಂದು ಸ್ವಯಂಚಾಲಿತ ವ್ಯವಸ್ಥೆ. ಗ್ನೂ ಯೋಜನೆಯ ಹಲವು ಕಟ್ಟುಗಳಿಗೆ ಅನುವಾದ ಕೊಡುವವರು ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಕಾಗದದ ಮೇಲೆ ಸಹಿ ಹಾಕಿ ಅಮೆರಿಕದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಅಂಚೆಯಲ್ಲಿ ಕಳಿಸಬೇಕಾಗಿತ್ತು. ಸಂದೇಶದ ಅನುವಾದವೂ ಕೃತಿಸ್ವಾಮ್ಯವುಳ್ಳ ಬರವಣಿಗೆ ಎಂದು ಅಲ್ಲಿ ಮೊದಲಿನಿಂದಲೇ ಪರಿಗಣಿಸಿದ್ದರು.

ಇದೇ ಕಾಲಕ್ಕೆ ಮೂರನೆಯ ಕ್ರಮವೂ ಬೆಳೆಯಿತು. 1997ರಲ್ಲಿ ಬಂದ ಜಾವಾ 1.1ರಲ್ಲಿ ಗುರುತು ಸಂಖ್ಯೆಯೂ ಅಲ್ಲ, ವಾಕ್ಯವೂ ಅಲ್ಲ, ಪ್ರೋಗ್ರಾಮರ್ ಕೊಟ್ಟ ಒಂದು ಚಿಕ್ಕ ಹೆಸರು. 'ಪ್ರಾಪರ್ಟೀಸ್' ಕಡತದಲ್ಲಿ ಎಡಕ್ಕೆ ಹೆಸರು, ನಡುವೆ ಸಮಚಿಹ್ನೆ, ಬಲಕ್ಕೆ ವಾಕ್ಯ. ಭಾಷೆಗೊಂದು ಅಂಥ ಕಡತ. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವಾದ ಯೂನಿಕೋಡನ್ನು ಜಾವಾ ಹುಟ್ಟಿನಿಂದಲೇ ಬಳಸುತ್ತಿತ್ತಾದರೂ ಈ ಕಡತಗಳನ್ನು ಮಾತ್ರ ಪಶ್ಚಿಮ ಯುರೋಪಿನ ಲಿಪಿ ಸಂಕೇತದಲ್ಲೇ ಓದುತ್ತಿತ್ತು. ಹಾಗಾಗಿ ಕನ್ನಡದ ಪ್ರತಿ ಸಂಕೇತವನ್ನೂ ಓರೆಗೆರೆ, ಒಂದು ರೋಮನ್ ಅಕ್ಷರ, ನಾಲ್ಕಂಕಿಯ ಸಂಖ್ಯೆ ಸೇರಿಸಿ ಆರು ಚಿಹ್ನೆಗಳಲ್ಲಿ ಬರೆಯಬೇಕಿತ್ತು. 'ಕನ್ನಡ' ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕದಂತೆ ಐದು ಸಂಕೇತಗಳು. ಕಡತದಲ್ಲಿ ಅದು 30 ಚಿಹ್ನೆಗಳ ಸಾಲಾಗುತ್ತಿತ್ತು. ತಿರುಗಿಸಿಕೊಡುವ ಉಪಕರಣ ಇತ್ತು, ಆದರೆ ತಿರುಗಿಸಿದ ಕಡತವನ್ನು ಕಣ್ಣಿಂದ ಓದಿ ತಪ್ಪು ಹುಡುಕುವುದು ಯಾರಿಂದಲೂ ಆಗದು. ಅನುವಾದಕರ ಕೈಗೆ ಕೊಡಲೆಂದೇ ಹುಟ್ಟಿದ ಕಡತ ರೋಮನ್ ಅಲ್ಲದ ಲಿಪಿಗಳವರ ಪಾಲಿಗೆ ಮತ್ತೆ ಪ್ರೋಗ್ರಾಮರ್‌ನ ಕೈಗೇ ಹೋಯಿತು. 2017ರ ಜಾವಾ 9 ಬಂದ ಮೇಲೆ ಯೂನಿಕೋಡ್ ಅಕ್ಷರಗಳನ್ನೇ ನೇರವಾಗಿ ಯುಟಿಎಫ್-8 ರೂಪದಲ್ಲಿ ಬರೆಯುವ ಅನುಕೂಲ ಆಯಿತು.

ಕಡತದ ಕ್ರಮ ಸಿದ್ಧವಿದ್ದರೂ ಕನ್ನಡ ತಕ್ಷಣ ಅದರೊಳಗೆ ಬರಲಾಗಲಿಲ್ಲ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡ ಲಿಪಿಗೆ ಜಾಗ ಸಿಕ್ಕಿತ್ತು. ಅದೇ ವರ್ಷ ಭಾರತೀಯ ಲಿಪಿಗಳ 'ಇಸ್ಕಿ' ಸಂಕೇತವೂ ಭಾರತೀಯ ಮಾನಕವಾಯಿತು. ಆದರೆ 1990ರ ದಶಕದಲ್ಲಿ ಕನ್ನಡಿಗರು ದಿನನಿತ್ಯ ಬಳಸಿದ ತಂತ್ರಾಂಶಗಳು ಫಾಂಟ್‌ನ ಆಕಾರಗಳಿಗೇ ಸಂಕೇತ ಕೊಟ್ಟು ನಡೆದವು. ಪತ್ರ ಬರೆಯಲು, ಪುಸ್ತಕ ಅಚ್ಚು ಮಾಡಲು ಅದು ಸಾಕಾಗುತ್ತಿತ್ತು. ಮೆನುವಿನ ಬರಹವಾಗಿ ಬರಬೇಕೆಂದರೆ ಸಾಲದು. ಅಲ್ಲಿ ಅಕ್ಷರವನ್ನು ಅಕ್ಷರವೆಂದೇ ಕಾರ್ಯಾಚರಣ ವ್ಯವಸ್ಥೆ ಗುರುತಿಸಬೇಕು, ಒತ್ತಕ್ಷರ, ಗುಣಿತಗಳನ್ನು ತಾನೇ ಜೋಡಿಸಿ ಬರೆಯಬೇಕು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟ್‌ನೊಂದಿಗೆ ಈ ಶಕ್ತಿ ಪಡೆಯಿತು. ಮುಂದೆ ಎಕ್ಸ್‌ಪಿಗೆ ಕನ್ನಡದ ಪದರವೂ ಬಂತು. ಪರದೆಯ ಹೆಚ್ಚು ಬಳಕೆಯ ಭಾಗಗಳನ್ನು ಅದು ಕನ್ನಡಕ್ಕೆ ತರುತ್ತಿತ್ತು. ಲಿನಕ್ಸ್ ಕಡೆ ಮೆನು, ಗುಂಡಿಗಳನ್ನು ಕಟ್ಟುವ ಸಲಕರಣೆಯಾದ ಜಿಟಿಕೆಯ 2002ರ 2.0 ಆವೃತ್ತಿ, ಪ್ಯಾಂಗೋ ಎಂಬ ಲಿಪಿಜೋಡಣೆಯ ಅಂಗದ ನೆರವಿನಿಂದ ಭಾರತೀಯ ಲಿಪಿಗಳಿಗೆ ಬಾಗಿಲು ತೆರೆಯಿತು. ಆ ಬಳಿಕವೇ ಗ್ನೋಮ್, ಕೆಡಿಇ ಎಂಬ ಎರಡು ದೊಡ್ಡ ಡೆಸ್ಕ್‌ಟಾಪ್ ಪರಿಸರಗಳ ಕನ್ನಡ ಪಿಒ ಕಡತಗಳು ತುಂಬತೊಡಗಿದವು. ಅವುಗಳಲ್ಲಿ ಬೆಂಗಳೂರು, ಪುಣೆಗಳ ತಂತ್ರಜ್ಞರ ಕೆಲಸವಿದೆ, ಕೋಡ್ ಬರೆಯದ ಭಾಷಾಪ್ರೇಮಿಗಳ ಸಂಜೆಗಳೂ ಇವೆ.

ಹೀಗೆ ತುಂಬುವಾಗ ಒಂದು ಸಂಗತಿ ಎದ್ದು ಕಂಡಿತು. ಮಾತನ್ನು ಕೋಡ್‌ನಿಂದ ಬಿಡಿಸಿ ಬೇರೆ ಕಡತದಲ್ಲಿಟ್ಟರೂ ಇಂಗ್ಲಿಷಿನ ವಾಕ್ಯರಚನೆ ಕೋಡ್‌ನಲ್ಲೇ ಉಳಿದಿತ್ತು.

ಇದರಿಂದ ಬಂದ ತೊಡಕುಗಳಲ್ಲಿ ಮೊದಲನೆಯದು ಪದಗಳ ಕ್ರಮ. 'ಇಂಥ ಕಡತವನ್ನು ಇಂಥ ಕಡೆಗೆ ನಕಲಿಸಲಾಗುತ್ತಿದೆ' ಎಂಬುದನ್ನು ಇಂಗ್ಲಿಷ್ ಪ್ರೋಗ್ರಾಮರ್ ಮೂರು ತುಂಡು ಮಾಡಿ, ಕ್ರಿಯಾಪದವನ್ನು ಮೊದಲಿಟ್ಟು, ನಡುನಡುವೆ ಹೆಸರುಗಳನ್ನು ಅಂಟಿಸಿದರೆ ಕನ್ನಡದ ಅನುವಾದಕರಿಗೆ ದಾರಿಯೇ ಇಲ್ಲ. ಇಲ್ಲಿ ಕ್ರಿಯಾಪದ ಕೊನೆಗೆ ಬರಬೇಕು. ಪೂರ್ತಿ ವಾಕ್ಯವನ್ನೇ ಒಂದು ಸಂದೇಶವಾಗಿ ಕೊಡಬೇಕು, ಹೆಸರು ತುಂಬುವ ಜಾಗಗಳಿಗೆ ಒಂದು, ಎರಡು ಎಂದು ಸಂಖ್ಯೆ ಹಾಕಿ ಹಿಂದುಮುಂದು ಮಾಡಲು ಬಿಡಬೇಕು ಎಂಬ ನಿಯಮ ಹುಟ್ಟಿದ್ದು ಇದರಿಂದ. ಸಂಖ್ಯೆ ಹಾಕುವ ಆ ರೂಢಿ ಎಕ್ಸ್‌/ಓಪನ್ ಮಾರ್ಗದರ್ಶಿಯಿಂದಲೇ ಬಂದದ್ದು.

ವಿಭಕ್ತಿಯ ತೊಡಕು ಇದಕ್ಕಿಂತ ಆಳವಾದದ್ದು. ಕನ್ನಡದಲ್ಲಿ ಮರ 'ಮರವನ್ನು' ಆಗುತ್ತದೆ, ಮನೆ 'ಮನೆಯನ್ನು', ಊರು 'ಊರನ್ನು', ರಾಮ 'ರಾಮನನ್ನು'. ಹೆಸರು ಯಾವುದೆಂದು ಪ್ರೋಗ್ರಾಂ ಓಡುವಾಗಷ್ಟೇ ಗೊತ್ತಾಗುವ ಕಡೆ ಯಾವ ಪ್ರತ್ಯಯ ಬರೆದಿಡುವುದು? ಹೆಸರು ಬಿಟ್ಟು ಒಂದು ಖಾಲಿ ಜಾಗ ಕೊಟ್ಟು 'ಅನ್ನು' ಎಂದು ಬರೆದರೆ ಪರದೆಯಲ್ಲಿ 'ಮನೆ ಅನ್ನು' ಎಂಬ ಒಡಕು ರೂಪ ಮೂಡುತ್ತದೆ. ಕನ್ನಡದ ಅನುವಾದಕರು ಇದಕ್ಕೆ ಭಾಷೆಯ ಒಳಗಿನಿಂದಲೇ ಉತ್ತರ ತೆಗೆದರು. ಹೆಸರಿನ ಮುಂದೆ 'ಎಂಬ' ಸೇರಿಸಿ, ಪ್ರತ್ಯಯವನ್ನು ಗೊತ್ತಿರುವ ನಾಮಪದಕ್ಕೆ ವರ್ಗಾಯಿಸಿದರು: 'ಮನೆ ಎಂಬ ಕಡತವನ್ನು ಅಳಿಸಲಾಗಿದೆ'. ವಾಕ್ಯ ಸ್ವಲ್ಪ ಉದ್ದವಾದರೂ ವ್ಯಾಕರಣ ಕೆಡುವುದಿಲ್ಲ. ಲಿಂಗ ಗೊತ್ತಿಲ್ಲದ ಬಳಕೆದಾರರ ವಿಷಯದಲ್ಲಿ 'ಬಂದಿದ್ದಾರೆ', 'ಬರೆದಿದ್ದಾರೆ' ಎಂಬ ಗೌರವದ ಬಹುವಚನ ಇದೇ ರೀತಿ ನೆರವಿಗೆ ಬಂತು. ಯಾವ ಕೈಪಿಡಿಯೂ ಹೇಳಿಕೊಡದ ಇಂಥ ಉಪಾಯಗಳೇ ಆ ತಲೆಮಾರಿನ ಅನುವಾದಕರ ನಿಜವಾದ ಸಾಧನೆ.

ಸಂಖ್ಯೆಯದು ಇನ್ನೊಂದು ಪಾಡು. ಒಂದಾದರೆ ಏಕವಚನ, ಉಳಿದದ್ದೆಲ್ಲ ಬಹುವಚನ ಎಂಬ ಇಂಗ್ಲಿಷ್ ಲೆಕ್ಕ ಲೋಕದ ಎಲ್ಲ ಭಾಷೆಗಳಿಗೆ ಹೊಂದದು. ಜಪಾನಿಯಲ್ಲಿ ಒಂದೇ ರೂಪ, ರಷ್ಯನ್‌ನಲ್ಲಿ 21ಕ್ಕೆ ಒಂದು, 22ಕ್ಕೆ ಇನ್ನೊಂದು, 25ಕ್ಕೆ ಮತ್ತೊಂದು, ಅರೇಬಿಕ್‌ನಲ್ಲಿ ಆರು ರೂಪ. 2000ದ ಆಸುಪಾಸಿನಲ್ಲಿ ಗೆಟ್‌ಟೆಕ್ಸ್ಟ್ ಈ ನಿರ್ಧಾರವನ್ನು ಪ್ರೋಗ್ರಾಮರ್‌ನಿಂದ ಕಿತ್ತು ಪಿಒ ಕಡತದ ತಲೆಬರಹಕ್ಕೆ ತಂದಿತು. ಯಾವ ಸಂಖ್ಯೆಗೆ ಎಷ್ಟನೇ ರೂಪ ಎಂಬ ಸೂತ್ರವನ್ನು ಭಾಷೆಯವರೇ ಅಲ್ಲಿ ಬರೆಯುತ್ತಾರೆ. ಕನ್ನಡಕ್ಕೆ ಎರಡು ರೂಪ ಸಾಕು. ಯೂನಿಕೋಡ್ ಒಕ್ಕೂಟದ ಭಾಷಾ ಮಾಹಿತಿ ಭಂಡಾರ ಕನ್ನಡದ ಸೊನ್ನೆಯನ್ನೂ ಒಂದರ ಜೊತೆ ಏಕವಚನಕ್ಕೇ ಸೇರಿಸುತ್ತದೆ. ಆದರೆ ಯಾವ ಸೂತ್ರಕ್ಕೂ ಸಿಗದ ಭಾಗವೊಂದಿದೆ. ಕನ್ನಡದಲ್ಲಿ ವಸ್ತುಗಳನ್ನು ಎಣಿಸುವುದು ಎರಡು, ಮೂರು ಎಂದು. ಮನುಷ್ಯರನ್ನು ಇಬ್ಬರು, ಮೂವರು ಎಂದು. ಅಂಕಿಯಲ್ಲಿ '2' ಎಂದು ಬರೆದಾಗ ಓದುವವರೇ ಅದನ್ನು 'ಇಬ್ಬರು' ಎಂದು ಓದಿಕೊಳ್ಳುವುದರಿಂದ ಈ ತೊಡಕು ಮರೆಯಲ್ಲಿ ಉಳಿದಿದೆ.

ವಾಕ್ಯವೇ ಗುರುತಾದ ಕ್ರಮದಲ್ಲಿ ಸಂದರ್ಭವೂ ಕಳೆದುಹೋಗುತ್ತಿತ್ತು. ಇಂಗ್ಲಿಷಿನ 'ಓಪನ್' ಒಂದೆಡೆ ಆಜ್ಞೆ, ಇನ್ನೊಂದೆಡೆ ಸ್ಥಿತಿ. ಕಡತದಲ್ಲಿ ಅದಕ್ಕೆ ಒಂದೇ ಸಾಲು, ಹಾಗಾಗಿ ಒಂದೇ ಅನುವಾದ. 2006ರ ಗೆಟ್‌ಟೆಕ್ಸ್ಟ್ 0.15ರಲ್ಲಿ ವಾಕ್ಯದ ಜೊತೆ ಸಂದರ್ಭದ ಒಂದು ಸಾಲನ್ನೂ ಬರೆಯುವ ಅನುಕೂಲ ಬಂದ ಮೇಲೆ ಎರಡನ್ನೂ ಬೇರೆಬೇರೆಯಾಗಿ ಅನುವಾದಿಸಲು ಸಾಧ್ಯವಾಯಿತು.

ಪದಗಳಲ್ಲಿ ಒಮ್ಮತ ತರುವುದು ತಂತ್ರಕ್ಕಿಂತ ಜನರ ಕೆಲಸ. ಒಂದೇ ಪರದೆಯಲ್ಲಿ ಒಂದು ಪ್ರೋಗ್ರಾಂ 'ಕಡತ' ಎಂದರೆ ಇನ್ನೊಂದು 'ಫೈಲ್' ಎನ್ನುತ್ತಿದ್ದ ಕಾಲದಲ್ಲಿ, ಪುಣೆಯ ರೆಡ್ ಹ್ಯಾಟ್ ಭಾಷಾ ತಂಡದವರು 2008ರಲ್ಲಿ 'ಫ್ಯೂಯೆಲ್' ಯೋಜನೆ ಆರಂಭಿಸಿದರು. ಡೆಸ್ಕ್‌ಟಾಪ್‌ನಲ್ಲಿ ಪದೇಪದೇ ಬರುವ ಪದಗಳನ್ನು ಪಟ್ಟಿ ಮಾಡಿ, ಆಯಾ ಭಾಷೆಯ ಜನ ಒಟ್ಟಿಗೆ ಕೂತು ತೀರ್ಮಾನಿಸುವ ಯೋಜನೆ ಅದು. ಅದೇ ದಶಕದಲ್ಲಿ ಪಿಒ ಕಡತವನ್ನು ಇಳಿಸಿಕೊಳ್ಳದೆ ಬ್ರೌಸರ್‌ನಲ್ಲೇ ಅನುವಾದಿಸುವ ತಾಣಗಳೂ ಬಂದವು: 11 ಅಧಿಕೃತ ಭಾಷೆಗಳಿದ್ದ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಪೂಟಲ್, ಉಬುಂಟುವಿನ ರೊಸೆಟಾ, ಆಮೇಲೆ ಟ್ರಾನ್ಸಿಫೆಕ್ಸ್, ಮುಂದಿನ ದಶಕದಲ್ಲಿ ವೆಬ್‌ಲೇಟ್.

ಕನ್ನಡಿಗರು ಅತಿ ಹೆಚ್ಚು ನೋಡಿರುವ ಸ್ವಯಂಸೇವಕ ಅನುವಾದ ಬಹುಶಃ ವಿಕಿಪೀಡಿಯದ್ದು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅದನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಸಂದೇಶಗಳು ಆಗ ಪಿಎಚ್‌ಪಿ ಕಡತಗಳಲ್ಲಿದ್ದವು; ಭಾಷೆಗೊಂದು ಕಡತ, ಅದೂ ಓಡುವ ಕೋಡ್. ಅದನ್ನು ತಿದ್ದಲು ಕೋಡ್ ಭಂಡಾರದ ಪ್ರವೇಶ ಬೇಕು. ಅದಿಲ್ಲದವರು ತಮ್ಮ ವಿಕಿಯೊಳಗೇ ನಿರ್ವಾಹಕರ ಮೂಲಕ ಸಂದೇಶ ಬದಲಿಸಿಕೊಳ್ಳಬಹುದಿತ್ತು, ಆದರೆ ವಿಕಿಪೀಡಿಯದಲ್ಲಿ ಮಾಡಿದ ಅನುವಾದ ಪಕ್ಕದ ವಿಕ್ಷನರಿಗೆ ಸಿಗುತ್ತಿರಲಿಲ್ಲ. ಈ ಪೋಲನ್ನು ತಪ್ಪಿಸಿದ್ದು ಫಿನ್‌ಲೆಂಡಿನ ನಿಕ್ಲಾಸ್ ಲಾಕ್‌ಸ್ಟ್ರಮ್ ಆರಂಭಿಸಿದ 'ಟ್ರಾನ್ಸ್‌ಲೇಟ್‌ವಿಕಿ'. ಅಲ್ಲಿ ಒಂದು ಸಂದೇಶ ಅಂದರೆ ಒಂದು ವಿಕಿಪುಟ. ಬರೆದು ಉಳಿಸಿದರೆ ಸಾಕು, ಕಡತಕ್ಕೆ ಸೇರಿಸುವ ಕೆಲಸ ಆ ತಾಣದವರದು. ಪ್ರತಿ ಸಂದೇಶಕ್ಕೂ ಅದು ಎಲ್ಲಿ, ಯಾರಿಗೆ ಕಾಣುತ್ತದೆ ಎಂದು ವಿವರಿಸುವ ಟಿಪ್ಪಣಿಗಳನ್ನು ಒಂದು ಭಾಷೆಯೇ ಎಂಬಂತೆ ಬೇರೆ ಕಡತದಲ್ಲಿಟ್ಟದ್ದು ಅವರ ಒಳ್ಳೆಯ ಯೋಚನೆ. 2014ರಲ್ಲಿ ಮೀಡಿಯಾವಿಕಿ ಪಿಎಚ್‌ಪಿಯ ಬದಲು ಜೆಸನ್ ಕಡತಗಳಿಗೆ ಬದಲಾಯಿತು. ಜೆಸನ್ ಬರೀ ಮಾಹಿತಿ, ಓಡುವ ಕೋಡ್ ಅಲ್ಲ. ಹಾಗಾಗಿ ಅನುವಾದದ ಮೂಲಕ ಹಾನಿಕರ ಕೋಡ್ ನುಸುಳುವ ಭಯ ಹೋಯಿತು.

ಹೊಸ ಭಾಷೆಯ ವಿಕಿಪೀಡಿಯಕ್ಕೆ ಒಪ್ಪಿಗೆ ಸಿಗಬೇಕಾದರೆ ಲೇಖನಗಳ ಜೊತೆಗೆ ಹೆಚ್ಚು ಬಳಕೆಯ ಸಂದೇಶಗಳೂ ಆ ಭಾಷೆಯಲ್ಲಿ ಅನುವಾದವಾಗಿರಬೇಕೆಂಬ ನಿಯಮವಿದೆ. ತುಳು ಈ ದಾರಿಯಲ್ಲಿ ನಡೆದು ಬಂತು. ಎರಡಕ್ಷರದ ಭಾಷಾ ಸಂಕೇತವಿಲ್ಲದ ತುಳುವಿಗೆ 'ಟಿಸಿವೈ' ಎಂಬ ಮೂರಕ್ಷರದ ಹೆಸರು. ಕರಾವಳಿಯ ಉತ್ಸಾಹಿಗಳು ವರ್ಷಗಳ ಕಾಲ ಹೊಸ ವಿಕಿಗಳ ಪ್ರಯೋಗಶಾಲೆಯಲ್ಲಿ ಲೇಖನ ಬರೆಯುತ್ತ, ಸಂದೇಶಗಳನ್ನು ಕನ್ನಡ ಲಿಪಿಯ ತುಳುವಿಗೆ ತರುತ್ತ ಹೋದರು. 2016ರ ಆಗಸ್ಟ್‌ನಲ್ಲಿ ತುಳು ವಿಕಿಪೀಡಿಯ ಸ್ವತಂತ್ರ ತಾಣವಾಯಿತು. ಕಡತಕ್ಕೆ ರಾಜ್ಯಭಾಷೆ, ಅಧಿಕೃತ ಭಾಷೆ ಎಂಬ ಭೇದ ಗೊತ್ತಿಲ್ಲ. ಹೆಸರು ಕೊಟ್ಟು ತುಂಬಿದರೆ ತೆರೆದುಕೊಳ್ಳುತ್ತದೆ.

ಮೊಬೈಲ್ ಫೋನುಗಳು ಹಳೆಯ ಕ್ರಮಗಳನ್ನೇ ಹೊಸ ಉಡುಪಿನಲ್ಲಿ ಮುಂದುವರಿಸಿದವು. ಆಂಡ್ರಾಯ್ಡ್‌ನಲ್ಲಿ ಭಾಷೆಗೊಂದು ಫೋಲ್ಡರು, ಅದರೊಳಗೆ ಎಕ್ಸ್‌ಎಂಎಲ್ ರೂಪದ ವಾಕ್ಯಪಟ್ಟಿ. ಆಪಲ್‌ನಲ್ಲಿ ನೆಕ್ಸ್ಟ್ ಕಂಪನಿಯಿಂದ ಬಂದ 'ಸ್ಟ್ರಿಂಗ್ಸ್' ಕಡತಗಳು. ಒಂದು ರೂಪದಿಂದ ಇನ್ನೊಂದಕ್ಕೆ ಅನುವಾದ ಸಾಗಿಸಲು 'ಎಕ್ಸ್‌ಲಿಫ್' ಎಂಬ ಸಾಮಾನ್ಯ ರೂಪವನ್ನು ಒಯಾಸಿಸ್ ಸಂಸ್ಥೆ ಮಾನಕಗೊಳಿಸಿತು.

ಈಚಿನ ಬೆಳವಣಿಗೆ ವ್ಯಾಕರಣವನ್ನು ಪೂರ್ತಿಯಾಗಿ ಕಡತದೊಳಗೆ ತರುವತ್ತ ಇದೆ. ಫೈರ್‌ಫಾಕ್ಸ್ ಬ್ರೌಸರ್‌ಗಾಗಿ ಮೊಜಿಲ್ಲಾ ರೂಪಿಸಿದ 'ಫ್ಲೂಯೆಂಟ್' 2019ರಲ್ಲಿ 1.0 ಆವೃತ್ತಿ ತಲುಪಿತು. ಅದರಲ್ಲಿ ಇಂಗ್ಲಿಷ್ ಸಂದೇಶ ಒಂದೇ ಸಾಲಿನದಾಗಿದ್ದರೂ ಕನ್ನಡದವರು ಬೇಕಾದರೆ ಅದನ್ನು ವಿಭಕ್ತಿಗೊಂದು, ವಚನಕ್ಕೊಂದು ಎಂದು ಹಲವು ರೂಪಗಳಾಗಿ ಬರೆಯಬಹುದು. ಪ್ರೋಗ್ರಾಮರ್‌ಗೆ ಅದರ ಅರಿವೂ ಇರಬೇಕಾಗಿಲ್ಲ. ಇದೇ ನಿಟ್ಟಿನ 'ಮೆಸೇಜ್‌ಫಾರ್ಮ್ಯಾಟ್ 2' ಕ್ರಮವನ್ನು ಯೂನಿಕೋಡ್ ಒಕ್ಕೂಟ 2025ರಲ್ಲಿ ಅಂತಿಮಗೊಳಿಸಿತು. ಗೆಟ್‌ಟೆಕ್ಸ್ಟ್ ಕೂಡ ತನಗೆ ಸಲ್ಲಬೇಕಾದ ಮನ್ನಣೆಯನ್ನು ತಡವಾಗಿ ಪಡೆಯಿತು. 1990ರ ದಶಕದಲ್ಲಿ ಮಾನಕವಾಗಲು ಸೋತ ಅದರ ಫಂಕ್ಷನ್‌ಗಳು, ವಾಕ್ಯಗಳನ್ನು ಹೆಕ್ಕುವ ಮತ್ತು ಎಂಒ ಕಡತ ಕಟ್ಟುವ ಉಪಕರಣಗಳು ಯುನಿಕ್ಸ್ ಮಾದರಿಯ ವ್ಯವಸ್ಥೆಗಳ 2024ರ ಪೋಸಿಕ್ಸ್ ಮಾನಕದಲ್ಲಿ ಸೇರಿವೆ. ಕ್ಯಾಟ್‌ಗೆಟ್ಸ್ ಕೂಡ ಅದೇ ಮಾನಕದಲ್ಲಿ ಪಕ್ಕದಲ್ಲೇ ಉಳಿದಿದೆ.